ಒಬ್ಬ ಓದುಗನಿಗೆಂದೇ ಬರೆದ ಕಥೆ

ಪ್ರಶ್ನೆ: ಮೆಚ್ಚಿನ ವೈಜ್ಞಾನಿಕ ಕಾದಂಬರಿಯ ಪಾತ್ರಗಳನ್ನೇ ಇಟ್ಟುಕೊಂಡು ಹೊಸ ಕಥೆ ಬರೆದು, ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಅಭಿಮಾನಿಗಳಿದ್ದಾರಂತೆ. ಮೂಲ ಕಾದಂಬರಿಯೇ ಕೈಯಲ್ಲಿರುವಾಗ ಯಾರೋ ಹವ್ಯಾಸಿ ಬರೆದ ಕಥೆಯಲ್ಲಿ ಸಿಗುವ ಖುಷಿ ಏನು? ಮೂಲ ಲೇಖಕರು ಇದನ್ನು ಒಪ್ಪುತ್ತಾರೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇದ್ದಾರೆ, ಅದೂ ವರ್ಷ ತಪ್ಪದೆ ಕೊಡುವವರು. ಇಂಗ್ಲಿಷ್ ಓದುಗರ ನಡುವೆ 2003ರಿಂದ ‘ಯೂಲ್‌ಟೈಡ್’ ಎಂಬ ಕಥಾ ವಿನಿಮಯ ನಡೆದುಕೊಂಡು ಬಂದಿದೆ. ಹ್ಯಾರಿ ಪಾಟರ್‌ನಂತೆ ಅಭಿಮಾನಿ ಕಥೆಗಳ ರಾಶಿಯೇ ಬಿದ್ದಿರುವ ಕೃತಿಗಳಿಗೆ ಅಲ್ಲಿ ಜಾಗವಿಲ್ಲ. ಹೆಚ್ಚು ಜನ ಕೈ ಹಾಕದ ಪುಸ್ತಕ, ಸಿನಿಮಾಗಳಿಗಷ್ಟೇ ಪ್ರವೇಶ. ಹಾಗಾಗಿ ಹಳೆಯ ವೈಜ್ಞಾನಿಕ ಕಾದಂಬರಿಗಳ ಅಭಿಮಾನಿಗಳಿಗೆ ಅದು ಹಬ್ಬವೇ ಸರಿ.

ಅಕ್ಟೋಬರ್ ಸುಮಾರಿಗೆ ಹೆಸರು ನೋಂದಾಯಿಸುವಾಗ ನಿಮಗೆ ಯಾವ ಕೃತಿಗಳ ಕಥೆ ಬೇಕು, ನೀವು ಯಾವುದರ ಬಗ್ಗೆ ಬರೆಯಬಲ್ಲಿರಿ ಎಂದು ಎರಡನ್ನೂ ತಿಳಿಸಬೇಕು. ಸಂಘಟಕರು ಜೋಡಿ ಹೊಂದಿಸುತ್ತಾರೆ. ಕಥೆ ಕನಿಷ್ಠ 1000 ಪದಗಳಾದರೂ ಇರಬೇಕು. ಒಪ್ಪಿಕೊಂಡವರು ನಡುವೆ ಕೈಬಿಟ್ಟರೆ ಆ ಬೇಡಿಕೆಯನ್ನು ಬೇರೊಬ್ಬ ಸ್ವಯಂಸೇವಕರು ಹೊತ್ತುಕೊಳ್ಳುತ್ತಾರೆ. ಯಾರೂ ಬರಿಗೈಯಲ್ಲಿ ಉಳಿಯಬಾರದೆಂಬುದು ಪದ್ಧತಿ. ಡಿಸೆಂಬರ್ 25ಕ್ಕೆ ಕಥೆಗಳು ಹೊರಬೀಳುತ್ತವೆ, ಬರೆದವರ ಹೆಸರು ಹೊರಬೀಳುವುದು ಹೊಸ ವರ್ಷದ ದಿನ. ಒಂದು ವಾರ ಪೂರ್ತಿ ‘ಇದನ್ನು ಬರೆದವರು ಯಾರಿರಬಹುದು’ ಎಂಬ ಕುತೂಹಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಉರ್ಸುಲಾ ಲೆ ಗ್ವಿನ್ ಅವರ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಗೆಥೆನ್ ಎಂಬ ಹಿಮಗ್ರಹಕ್ಕೆ ರಾಯಭಾರಿಯಾಗಿ ಬಂದ ಗೆನ್ಲಿ ಐ, ಅಲ್ಲಿನ ಪದಚ್ಯುತ ಪ್ರಧಾನಿ ಎಸ್ಟ್ರಾವೆನ್ ಜೊತೆ ಜಾರುಬಂಡಿ ಎಳೆಯುತ್ತ ಹಿಮದ ಬಯಲನ್ನು ದಾಟುತ್ತಾನೆ. ರಾತ್ರಿ ಆಸರೆಗೆ ಒಂದು ಡೇರೆ, ಬಿಸಿಗೂ ಬೆಳಕಿಗೂ ಒಂದೇ ಪುಟ್ಟ ಒಲೆ. ಪಯಣ ಮುಗಿಯಿತು ಅನ್ನುವಷ್ಟರಲ್ಲಿ ಗಡಿ ಕಾವಲುಗಾರರ ಗುಂಡಿಗೆ ಎಸ್ಟ್ರಾವೆನ್ ಬಲಿಯಾಗುತ್ತಾರೆ. ಕೊನೆಯಲ್ಲಿ ಗೆನ್ಲಿ ಎಸ್ಟ್ರಾವೆನ್‌ರ ಮನೆಗೆ ಹೋದಾಗ, ಅವರ ಹರೆಯದ ಕುಡಿ ಸೋರ್ವೆ, ಆ ಸಾವಿನ ಬಗ್ಗೆಯೂ ಬೇರೆ ಲೋಕಗಳ ಬಗ್ಗೆಯೂ ಹೇಳುವಂತೆ ಕೇಳುತ್ತದೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಗೆನ್ಲಿ ಏನು ಹೇಳಿದ? ಲೇಖಕಿ ಬರೆದಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಆದರೆ ಪುಸ್ತಕವನ್ನು ಮತ್ತೆ ಮತ್ತೆ ಓದಿದವರ ತಲೆಯಲ್ಲಿ ಆ ಪ್ರಶ್ನೆ ಕೊರೆಯುತ್ತಲೇ ಇರುತ್ತದೆ. ನೀವು ಕೋರಿಕೆಯಲ್ಲಿ ‘ಆ ಸಂಜೆಯ ಮಾತುಕತೆ ಬೇಕು’ ಎಂದಷ್ಟೇ ಬರೆದಿರಿ ಅಂದುಕೊಳ್ಳಿ. ಬಂದ ಕಥೆಯಲ್ಲಿ ಗೆನ್ಲಿ ಸಾವಿನ ಸಂಗತಿಗೆ ಕೈಯೇ ಹಾಕದೆ, ಡೇರೆಯೊಳಗೆ ಒಲೆ ಹಚ್ಚುವ ಸರದಿ ಯಾರದ್ದಿತ್ತು, ಊಟವನ್ನು ಎಷ್ಟು ಲೆಕ್ಕ ಹಾಕಿ ಹಂಚಿಕೊಳ್ಳುತ್ತಿದ್ದರು ಎಂಬುದರಿಂದ ಶುರು ಮಾಡುತ್ತಾನೆ. ಕೇಳುತ್ತ ಕೂತ ಸೋರ್ವೆಗೆ ತನ್ನ ಹೆತ್ತವರು ಎಂಥವರಿದ್ದರು ಎಂದು ಗೊತ್ತಾಗುವುದೇ ಆ ಲೆಕ್ಕಾಚಾರದಿಂದ. ಅದನ್ನು ಓದಿದಾಗ ನಿಮಗೆ ಒಂದು ಸಂಗತಿ ಖಾತ್ರಿಯಾಗುತ್ತದೆ: ನೀವು ಎಲ್ಲಿ ನಿಂತು ಉಸಿರು ಹಿಡಿದಿದ್ದಿರೋ, ಇನ್ನೊಬ್ಬರೂ ಅದೇ ಪುಟದಲ್ಲಿ ನಿಂತಿದ್ದರು.

ಖುಷಿ ಇರುವುದು ಅಲ್ಲಿ. ಈ ಕಥೆ ಲೆ ಗ್ವಿನ್‌ಗೆ ಸಮನಾಗಿರಬೇಕಿಲ್ಲ. ಕಾದಂಬರಿಯನ್ನು ಬರೆದದ್ದು ಲೋಕಕ್ಕೆ, ಇದನ್ನು ಬರೆದದ್ದು ನಿಮಗೆ. ಊರಲ್ಲಿ ಆ ಪುಸ್ತಕ ಓದಿದವರು ನಾಲ್ಕು ಜನ ಸಿಗದಿರಬಹುದು; ಮುಖ ನೋಡದ ಒಬ್ಬರು ವಾರಗಟ್ಟಲೆ ಕೂತು ಅದನ್ನು ಪುನಃ ಓದಿ, ನಿಮ್ಮ ಸಂಶಯಕ್ಕೆ ತಮ್ಮ ಉತ್ತರ ಕೊಟ್ಟಿದ್ದಾರೆ. ಕೆಲವೊಮ್ಮೆ ಆ ಉತ್ತರ ನಿಮಗೆ ಒಪ್ಪಿಗೆಯಾಗುವುದಿಲ್ಲ. ಆಗಲೂ ಮೂಲವನ್ನು ಮತ್ತೆ ತೆರೆದು ನೋಡುವಂತಾಗುತ್ತದಲ್ಲ, ಅದೂ ಲಾಭವೇ.

ಲೇಖಕರ ವಿಷಯದಲ್ಲಿ ಒಂದೇ ಮಾತು ಹೇಳಲಾಗದು. ವೋರ್ಕೊಸಿಗನ್ ಸರಣಿಯ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಸ್ವತಃ 1960ರ ದಶಕದಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿ ಪತ್ರಿಕೆ ತಂದವರು. ಜಾಕ್ವೆಲಿನ್ ಲಿಕ್ಟನ್‌ಬರ್ಗ್ ಅವರ ‘ಸೈಮ್-ಜೆನ್’ ಲೋಕಕ್ಕೆ ಅಭಿಮಾನಿಯಾಗಿ ಬಂದ ಜೀನ್ ಲೋರಾ, 1980ರ ‘ಫಸ್ಟ್ ಚಾನೆಲ್’ ಹೊತ್ತಿಗೆ ಸಹಲೇಖಕಿಯೇ ಆಗಿದ್ದರು. ಇದಕ್ಕೆ ತದ್ವಿರುದ್ಧ ಮೇರಿಯನ್ ಝಿಮ್ಮರ್ ಬ್ರ್ಯಾಡ್ಲಿ ಪ್ರಸಂಗ. ತಮ್ಮ ‘ಡಾರ್ಕೋವರ್’ ಲೋಕದಲ್ಲಿ ಬರೆಯಲು ಅಭಿಮಾನಿಗಳಿಗೆ ಬಾಗಿಲು ತೆರೆದಿಟ್ಟಿದ್ದ ಅವರಿಗೆ, 1990ರ ದಶಕದ ಆರಂಭದಲ್ಲಿ ಅಭಿಮಾನಿಯೊಬ್ಬರ ಕಥೆಯ ಹಕ್ಕಿನ ತಕರಾರು ಎದುರಾಗಿ, ಬರೆಯುತ್ತಿದ್ದ ಕಾದಂಬರಿಯನ್ನೇ ಕೈಬಿಡಬೇಕಾಯಿತು. ‘ಬರೆಯಿರಿ, ಆದರೆ ನನಗೆ ಕಳಿಸಬೇಡಿ’ ಎನ್ನುವ ಇಂದಿನ ಅನೇಕ ಲೇಖಕರ ಧೋರಣೆಯ ಹಿಂದೆ ಇಂಥ ಭಯವಿದೆ. ಅವರು ಓದದಿರುವುದು ತಾತ್ಸಾರದಿಂದಲ್ಲ, ಮುಂದಿನ ಪುಸ್ತಕವನ್ನು ಕಾಪಾಡಿಕೊಳ್ಳಲು. ಹಣಕ್ಕೆ ಮಾರದಿರುವುದು ಅಭಿಮಾನಿ ಬರಹಗಾರರೂ ಪಾಲಿಸುವ ಕಟ್ಟುಪಾಡು. ಇಂಥ ಕಥೆಗಳನ್ನು ಕಾಪಿಡುವ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ವೈಜ್ಞಾನಿಕ ಸಾಹಿತ್ಯದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿಯೇ ಬಂತು.

ನಿಮಗೂ ಆಸೆಯಾದರೆ ಎರಡು ಕಿವಿಮಾತು. ಕೋರಿಕೆ ಬರೆಯುವಾಗ ಕಥೆಯ ನಕ್ಷೆಯನ್ನೇ ಕೊಡಬೇಡಿ. ಪುಸ್ತಕದಲ್ಲಿ ನಿಮ್ಮನ್ನು ಕಾಡಿದ್ದು ಯಾವುದು, ಯಾವುದು ಸುತರಾಂ ಬೇಡ ಎಂದು ಹೇಳಿ ಬಿಟ್ಟುಬಿಡಿ. ಕಥೆ ಬಂದ ಮೇಲೆ ‘ಚೆನ್ನಾಗಿದೆ’ ಎಂದು ಮುಗಿಸಬೇಡಿ. ಯಾವ ಸಾಲಿನಲ್ಲಿ ನಕ್ಕಿರಿ, ಎಲ್ಲಿ ತಕರಾರು ಹುಟ್ಟಿತು ಎಂದು ಬಿಡಿಸಿ ಬರೆಯಿರಿ. ಬರೆದವರಿಗೆ ಸಿಗುವ ಸಂಭಾವನೆ ಅದೊಂದೇ.