ನೋವು ಕಾಲಿಗೆ, ಕೊರತೆ ಚರ್ಮಕ್ಕೆ

ಈ ಬಾರಿ ಹೈಸ್ಕೂಲಿನ ಒಂದು ಪಾಠ: ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ. ಪರೀಕ್ಷೆಗೆ ಬಾಯಿಪಾಠ ಮಾಡಿ, ಎಂಜಿನಿಯರಿಂಗ್ ಸೇರಿದ ಮೇಲೆ ಪೂರ್ತಿ ಮರೆತಿದ್ದೆ. ಹೋದ ಫೆಬ್ರವರಿಯಲ್ಲಿ ನನ್ನ ಕಾಲುಗಳೇ ಅದನ್ನು ನೆನಪಿಸಿದವು.

ನೂರ್ಡ್‌ವೈಕ್‌ನ ನಮ್ಮ ಮನೆಯ ಮೆಟ್ಟಿಲು ಬಲು ಕಡಿದು. ಹತ್ತುವಾಗ ತೊಡೆ ಭಾರ, ಮೊಣಕಾಲ ಕೆಳಗೆ ಮೂಳೆಯಲ್ಲೇ ನೋವು. ದಿನವಿಡೀ ಕುರ್ಚಿಯಲ್ಲಿ ಕೂರುವುದರ ಫಲ ಎಂದುಕೊಂಡೆ. ಡಾಕ್ಟರು ಕಾಲು ಒತ್ತಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕಾಲು ನೋವಿಗೆ ರಕ್ತ ಯಾಕಪ್ಪಾ! ವಿಟಮಿನ್ ಡಿ ತೀರಾ ಕಡಿಮೆ ಇತ್ತು.

ಚರ್ಮದ ಜೀವಕೋಶಗಳಲ್ಲಿ ಕೊಲೆಸ್ಟರಾಲ್ ಜಾತಿಯ ಒಂದು ಅಣು ಇದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದರೆ ಅದು ವಿಟಮಿನ್ ಡಿ ಆಗುತ್ತದೆ. ಆದರೆ ಅದಿನ್ನೂ ಕಚ್ಚಾ ಮಾಲು. ರಕ್ತ ಅದನ್ನು ಲಿವರಿಗೆ ಒಯ್ಯುತ್ತದೆ, ಅಲ್ಲೊಂದು ಬದಲಾವಣೆ, ಮೂತ್ರಪಿಂಡದಲ್ಲಿ ಇನ್ನೊಂದು. ಆಮೇಲೆ ಸಣ್ಣಕರುಳಿನ ಒಳಪದರದ ಅಂಗಾಂಶಕ್ಕೆ ಊಟದಲ್ಲಿನ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಸಂದೇಶ ಹೋಗುತ್ತದೆ. ಪಠ್ಯಪುಸ್ತಕ ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟ ಅಂಗವ್ಯೂಹಗಳೆಲ್ಲ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ.

ಕ್ಯಾಲ್ಸಿಯಂ ಸಾಲದಿದ್ದರೆ? ಹೃದಯ ಬಡಿಯಲು, ಸ್ನಾಯು ಕುಗ್ಗಲು ರಕ್ತದಲ್ಲಿ ಅದು ಇರಲೇಬೇಕು. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ಅವು ಹಾರ್ಮೋನು ಕಳಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಮೂಳೆ ಬರೀ ಕಂಬವಲ್ಲ, ಅದೂ ಒಂದು ಅಂಗ. ಕಟ್ಟುವ ಕೋಶ, ಒಡೆಯುವ ಕೋಶ ಎರಡೂ ಅಲ್ಲಿ ಜೀವನವಿಡೀ ದುಡಿಯುತ್ತವೆ. ಅಂದರೆ ದೇಹ ಹೃದಯ ಉಳಿಸಲು ಮೂಳೆಯನ್ನು ಅಡವಿಡುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೇ, ಎರರ್ ಕಾಣುವ ಕಡೆ ಬಗ್ ಇರುವುದಿಲ್ಲ.

ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ನೂರ್ಡ್‌ವೈಕ್ 52ರಲ್ಲಿ. ಚಳಿಗಾಲದಲ್ಲಿ ಇಲ್ಲಿ ಸೂರ್ಯ ಕಂಡರೂ ಅಷ್ಟು ಕೆಳಗಿರುತ್ತಾನೆ, ಯುವಿ-ಬಿ ಬಹುಪಾಲು ವಾತಾವರಣದಲ್ಲೇ ಇಂಗಿಹೋಗುತ್ತದೆ. ಉಳಿದದ್ದನ್ನು ನಮ್ಮ ಚರ್ಮದ ಮೆಲನಿನ್ ತಡೆಯುತ್ತದೆ. ಊರಿನಲ್ಲಿ ನಮ್ಮನ್ನು ಕಾಯುವ ಬಣ್ಣವೇ ಇಲ್ಲಿ ಅಡ್ಡಿ.

ಗಾಢ ಮೈಬಣ್ಣದವರು ದಿನಕ್ಕೆ 10 ಮೈಕ್ರೋಗ್ರಾಂ, 70 ದಾಟಿದ ಎಲ್ಲರೂ 20 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಬೇಕೆಂದು ನೆದರ್‌ಲೆಂಡ್ಸ್‌ನ ಆರೋಗ್ಯ ಮಂಡಳಿ 2012ರಲ್ಲೇ ಹೇಳಿದೆ. ನಾನು ಬಂದ ಹೊಸತರಲ್ಲಿ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆದೆ. ಅದಕ್ಕಿಂತ ಹೆಚ್ಚು ಬೇಕೋ ಬೇಡವೋ ಡಾಕ್ಟರನ್ನು ಕೇಳಿ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ನವೆಂಬರಿನಲ್ಲಿ ಅಮ್ಮ ಬರುತ್ತಿದ್ದಾರೆ, ಅವರಿಗೀಗ 72. ಮಾತ್ರೆಯ ಡಬ್ಬಿ ಈಗಲೇ ತಂದು ಅಡುಗೆಮನೆಯಲ್ಲಿ ಕಾಫಿಪುಡಿಯ ಪಕ್ಕ ಇಟ್ಟಿದ್ದೇನೆ.