ಅಧಿವೇಶನದ ಅವಧಿ ಯಾರ ಕೈಯಲ್ಲಿ?

ವಿಧಾನಸಭೆಯನ್ನು ಕರೆಯುವವರೂ ಅಧಿವೇಶನವನ್ನು ಮುಕ್ತಾಯಗೊಳಿಸುವವರೂ ರಾಜ್ಯಪಾಲರು. ಸಂವಿಧಾನದ 174ನೆಯ ವಿಧಿಯು ಅವರಿಗಿತ್ತ ಅಧಿಕಾರವಿದು. ಮಂತ್ರಿಮಂಡಲದ ಸಲಹೆಯಂತೆ ಇದು ನಡೆಯುವುದು ವಾಡಿಕೆ. ಸೇರಿದ ಸಭೆಯನ್ನು ಮರುದಿನಕ್ಕೆ ಮುಂದೂಡುವುದಾದರೋ ಸಭಾಧ್ಯಕ್ಷರ ಅಧಿಕಾರ. ಮುಂದೂಡಿಕೆ, ಮುಕ್ತಾಯ ಎಂಬೆರಡನ್ನೂ ವಿದ್ಯಾರ್ಥಿಗಳು ಒಂದೇ ಎಂದು ಭಾವಿಸುವುದುಂಟು.

ಈ ಭೇದವು 2019ರಲ್ಲಿ ಒರೆಗೆ ಬಂದಿತು. ನಮ್ಮ ಚನ್ನಪಟ್ಟಣದಿಂದ ಆರಿಸಿಬಂದಿದ್ದ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ಜುಲೈ 18ರಂದು ವಿಶ್ವಾಸಮತ ಯಾಚಿಸಿದರು. ಮರುದಿನ ಮಧ್ಯಾಹ್ನ ಒಂದೂವರೆ ಗಂಟೆಯೊಳಗೆ ಬಹುಮತವನ್ನು ಸಿದ್ಧಪಡಿಸಬೇಕೆಂದು ರಾಜ್ಯಪಾಲ ವಜುಭಾಯಿ ವಾಲಾ ಅವರು ಪತ್ರ ಬರೆದರು. ಗಡುವು ಕಳೆಯಿತು. ಸಂಜೆಯೊಳಗೆ ಮುಗಿಸಿರೆಂಬ ಎರಡನೆಯ ಪತ್ರವೂ ಫಲಿಸಲಿಲ್ಲ. ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಚರ್ಚೆಯನ್ನು ಮುಂದುವರಿಸಿದರು. ಈ ವಿಳಂಬವನ್ನು ನಿಯಮಬಾಹಿರವೆನ್ನಲಾರೆ, ಉಚಿತವೆಂದೂ ಎನ್ನಲಾರೆ. 23ರಂದು ಮತ ಎಣಿಸಿದಾಗ ಪರ 99, ವಿರುದ್ಧ 105. ಅಂದೇ ಸರಕಾರ ಬಿದ್ದಿತು.