ಬೇರಿನ ತವರು ತಿಳಿದುಕೋ

ತಮ್ಮಾ, ಅಪ್ಪನ ದ್ರಾಕ್ಷಿ ಪಡವನ್ನು ಈ ವರ್ಷದಿಂದ ನೀನೇ ನೋಡಿಕೊಳ್ಳುತ್ತೀಯೆಂದು ಕೇಳಿ ಸಂತೋಷವಾಯಿತು. ಔಷಧಿ, ಗೊಬ್ಬರದ ಲೆಕ್ಕ ಹೇಳುವವರು ನಮ್ಮ ತಿಕೋಟಾ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳುವುದು ನೆಲದೊಳಗಿನ ವಿಷಯ.

ನಿನ್ನ ಪಡದಲ್ಲಿ ಮೇಲೆ ಕಾಣುವುದು ಥಾಮ್ಸನ್ ತಳಿ. ಅದನ್ನು ಕಸಿ ಕಟ್ಟಿಸಿಕೊಂಡು ಹೊತ್ತು ನಿಂತಿರುವ ಬೇರು ಡಾಗ್ರಿಜ್. ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಕಾಡುದ್ರಾಕ್ಷಿ. ಅಲ್ಲಿನ ಬೆಲ್ ಕೌಂಟಿಯಿಂದ ಟಿ.ವಿ. ಮನ್ಸನ್ ಎಂಬ ದ್ರಾಕ್ಷಿ ತಜ್ಞ ಅದನ್ನು ಆರಿಸಿದ. ಸುಣ್ಣಕಲ್ಲಿನ ಗುಡ್ಡ, ತೆಳುವಾದ ಮಣ್ಣು, ಸುಡುವ ಬೇಸಿಗೆ, ಹಳ್ಳದ ದಂಡೆ, ಇದು ಅದರ ತವರು. ಅದೇ ಸೀಮೆಯ ಬೇರೆ ಕಾಡುಬಳ್ಳಿಗಳ ಬೇರಿನ ಬಲದಿಂದಲೂ ಫಿಲಾಕ್ಸೆರಾ ಹೇನಿಗೆ ತುತ್ತಾಗಿದ್ದ ಫ್ರಾನ್ಸಿನ ತೋಟಗಳು ಚೇತರಿಸಿಕೊಂಡವು. ಅದಕ್ಕೆ ನೆರವಾದುದಕ್ಕಾಗಿ 1888ರಲ್ಲಿ ಫ್ರಾನ್ಸ್ ಸರ್ಕಾರ ಮನ್ಸನ್‌ನನ್ನು ಗೌರವಿಸಿತು. ನಮ್ಮಲ್ಲಿ ಡಾಗ್ರಿಜ್ ಸವಳು ನೀರನ್ನೂ ಬರವನ್ನೂ ಬೇರುಗಂಟಿನ ಹುಳುವನ್ನೂ ತಾಳಿಕೊಂಡು ನಿಂತಿದೆ.

ಕಡಿಮೆಯಲ್ಲಿ ಬದುಕಿದ ಬೇರು ಅದು. ಅದಕ್ಕೆ ಎರೆಭೂಮಿ, ಕೈತುಂಬ ಯೂರಿಯಾ, ದಿನಾ ಡ್ರಿಪ್ ನೀರು ಸಿಕ್ಕರೆ ಸೊಕ್ಕುತ್ತದೆ. ಎಲೆ ಕಪ್ಪುಹಸಿರಾಗುತ್ತದೆ, ಕಡ್ಡಿ ದಪ್ಪವಾಗುತ್ತದೆ, ದಾರಿಯಲ್ಲಿ ಹೋಗುವವರು ಪಡ ಹೊಗಳುತ್ತಾರೆ. ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಆದ ಮೇಲೆ ನೋಡಿದರೆ ಗೊನೆ ಬರಬೇಕಾದ ಕಡೆ ಬರೀ ಸುರುಳಿ ಎಳೆ! ಕಾಡಿನ ಬಳ್ಳಿ ಮರ ಹತ್ತಿ, ನೆತ್ತಿಯ ಬಿಸಿಲಿಗೆ ತಲುಪಿದ ಮೇಲೆ ಮೈತುಂಬ ಹಣ್ಣು ಬಿಡುತ್ತದೆ. ತೋಟದ ಬಳ್ಳಿಗೂ ಬೆಳಕು ಬೇಕೇ ಬೇಕು. ಏಪ್ರಿಲ್ ಚಾಟ್ನಿಯ ನಂತರದ ಎರಡು ತಿಂಗಳೊಳಗೆ ಮುಂದಿನ ಗೊನೆ ಕಡ್ಡಿಯ ಕಣ್ಣಿನಲ್ಲಿ ರೂಪುಗೊಳ್ಳುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನ ಚಪ್ಪರದ ಕೆಳಗೆ ನಿಂತು ನೆಲ ನೋಡು. ಬಿಸಿಲಿನ ಚುಕ್ಕೆಗಳು ಬೀಳದಿದ್ದರೆ ಹೆಚ್ಚಿನ ಕಡ್ಡಿ ತೆಗೆಸು, ಯೂರಿಯಾ ಕೈಬಿಡು.

ಕಸಿಗಂಟಿನ ಕೆಳಗೆ ಆಗಾಗ ಚಿಗುರು ಒಡೆಯುತ್ತದೆ. ಥಾಮ್ಸನ್ ಎಲೆ ದೊಡ್ಡದು, ಅಂಚು ಸೀಳಿರುತ್ತದೆ. ಡಾಗ್ರಿಜ್ ಎಲೆ ಚಿಕ್ಕದು, ಸೀಳು ಕಡಿಮೆ, ಎಳೆಯ ಕುಡಿಯ ಮೇಲೆ ಬಿಳಿ ನವಿರು. ಗಂಟಿನ ಕೆಳಗಿನ ಆ ಚಿಗುರನ್ನು ಎಳೆಯದಾಗಿರುವಾಗಲೇ ಬುಡಸಮೇತ ಕಿತ್ತುಬಿಡು. ಅರ್ಧಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬುಡಕ್ಕೆ ಮಣ್ಣು ಏರಿಸುವಾಗ ಕಸಿಗಂಟು ಮುಚ್ಚಬೇಡ. ಮುಚ್ಚಿದರೆ ಥಾಮ್ಸನ್ ತನ್ನದೇ ಬೇರು ಬಿಟ್ಟುಕೊಳ್ಳುತ್ತದೆ, ಕಸಿ ಕಟ್ಟಿದ ಉದ್ದೇಶವೇ ಹೋಯಿತು.

ಇನ್ನೊಂದು ವಿಷಯ ನನಗೆ ನಿಜಕ್ಕೂ ಚಿಂತೆ ತಂದಿದೆ. ಡಾಗ್ರಿಜ್ ಕಡ್ಡಿಯಿಂದ ಕಡ್ಡಿಗೆ ಬೆಳೆದದ್ದು, ಬೀಜದಿಂದಲ್ಲ. ಅಂದರೆ ನಮ್ಮ ಸೀಮೆಯ ಡಾಗ್ರಿಜ್ ಅಷ್ಟೂ ಒಂದೇ ಕಾಡುಬಳ್ಳಿಯ ತುಂಡು. ಅದಕ್ಕೆ ತಡೆಯಲಾಗದ ರೋಗ ಬಂದರೆ ಎಲ್ಲರ ಪಡಕ್ಕೂ ಬರುತ್ತದೆ. ಆಗ ಹೊಸ ಬೇರು ಹುಡುಕಲು ಮತ್ತೆ ಟೆಕ್ಸಾಸಿನ ಆ ಹಳ್ಳದ ದಂಡೆಗಳಿಗೇ ಹೋಗಬೇಕು. ಅಲ್ಲಿನ ಕಾಡುಬಳ್ಳಿ ಉಳಿದಿರಬೇಕು. ಎಲ್ಲವೂ ಒಂದೇ ಬೇರಿನ ಮೇಲೆ ನಿಲ್ಲದಿರಲೆಂದು, ನೀನು ಮುಂದಿನ ವರ್ಷ ಮಡ್ಡಿ ಹೊಲದಲ್ಲಿ ಹೊಸದಾಗಿ ಹಚ್ಚುವಾಗ, ಕೆಲವು ಸಾಲಿಗಾದರೂ 110 ಆರ್ ಎಂಬ ಬೇರೆ ತಳಿಯ ಬೇರು ಹಾಕು.